ಬ್ಲ್ಯಾಕ್ ಹೋಲ್‌ಗೆ ಬಿದ್ದ ಮಾಹಿತಿ: ಡಿಲೀಟ್ ಆಯ್ತಾ, ಎನ್‌ಕ್ರಿಪ್ಟ್ ಆಯ್ತಾ?

ಈ ವಾರದ ಮಾತಿನ ಬರಹರೂಪ ಇಲ್ಲಿದೆ. ಲೋಕಲ್ ಟ್ರೇನಲ್ಲೋ ಆಫೀಸ್ ಕ್ಯಾಬಲ್ಲೋ ಕೂತು ಓದೋರಿಗೆ ಅನುಕೂಲ ಆಗಲಿ ಅಂತ, ವಿಡಿಯೋದಲ್ಲಿ ಬೋರ್ಡ್ ಮೇಲೆ ಬಿಡಿಸಿದ್ದನ್ನೆಲ್ಲ ಇಲ್ಲಿ ಮಾತಿನಲ್ಲೇ ಹೇಳಿದ್ದೀನಿ. ಸಮೀಕರಣ ಒಂದೂ ಇಲ್ಲ, ಹೆದರಬೇಡಿ.

ಈ ವಿಷಯ ಎತ್ತಿಕೊಳ್ಳೋಕೆ ಒಬ್ಬ ಗೆಳೆಯ ಕಾರಣ. ಪುಣೆಯಲ್ಲೇ ಇದಾನೆ, ಡೇಟಾಬೇಸ್ ಕೆಲಸ. ಅಜ್ಜಿ ಹಾಡಿದ ಸೋಬಾನೆ ಪದಗಳನ್ನು ವರ್ಷಗಟ್ಟಲೆ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದ. ಒಂದು ದಿನ ಫೋನ್ ರೀಸೆಟ್ ಮಾಡಿದ, ಬ್ಯಾಕಪ್ ಇರಲಿಲ್ಲ, ಎಲ್ಲಾ ಹೋಯ್ತು. ಮೊನ್ನೆ ಚಹಾ ಕುಡೀತಾ ಕೇಳಿದ: "ಏನೋ, ಮಾಹಿತಿ ಯಾವತ್ತೂ ನಾಶ ಆಗಲ್ಲ ಅಂತೀರಲ್ಲ ನೀವು ಫಿಸಿಕ್ಸ್‌ನೋರು. ಹಂಗಾದ್ರೆ ನಮ್ಮಜ್ಜಿ ಹಾಡು ಎಲ್ಲಿದೆ ಹೇಳು ನೋಡೋಣ?" ಅರ್ಧ ತಮಾಷೆ, ಅರ್ಧ ನಿಜ. ಅವನಿಗೆ ಸರಿಯಾದ ಉತ್ತರ ಕೊಡಬೇಕಂದ್ರೆ ಬ್ಲ್ಯಾಕ್ ಹೋಲ್ ತನಕ ಹೋಗಿಬರಬೇಕು. ಯಾಕಂದ್ರೆ "ಮಾಹಿತಿ ನಾಶ ಆಗಲ್ಲ" ಅನ್ನೋ ನಿಯಮಕ್ಕೆ ಅತಿ ದೊಡ್ಡ ಸವಾಲು ಬಂದಿದ್ದು ಅಲ್ಲಿಂದಲೇ.

ಮಾಹಿತಿ ಅಂದ್ರೆ ಏನು?

ನಮ್ಮ ಭಾಷೆಯಲ್ಲಿ ಹೇಳ್ತೀನಿ. ಹ್ಯಾಶ್ ಫಂಕ್ಷನ್ ಗೊತ್ತಲ್ಲ? ಹತ್ತು ಜಿಬಿ ಫೈಲ್ ಕೊಡಿ, 256 ಬಿಟ್ ವಾಪಸ್ ಬರುತ್ತೆ. ಬೇರೆ ಬೇರೆ ಫೈಲ್‌ಗಳಿಗೂ ಒಂದೇ ಹ್ಯಾಶ್ ಇರಬಹುದು. ಹಾಗಾಗಿ ಹ್ಯಾಶ್ ನೋಡಿ ಮೂಲ ಫೈಲ್ ಯಾವುದು ಅಂತ ಹೇಳೋಕಾಗಲ್ಲ. ಎನ್‌ಕ್ರಿಪ್ಷನ್ ಹಾಗಲ್ಲ. ಹೊರಗೆ ಬರೋದು ಕಸದ ಹಾಗೆ ಕಾಣುತ್ತೆ, ಆದರೆ ಎರಡು ಬೇರೆ ಫೈಲ್‌ಗಳಿಂದ ಒಂದೇ ಕಸ ಬರೋದಿಲ್ಲ. ಕೀ ಇದ್ದರೆ ಮೂಲ ಸಿಗುತ್ತೆ.

ಕ್ವಾಂಟಮ್ ಸಿದ್ಧಾಂತದ ಪ್ರಕಾರ, ಹೊರಗಿನವರು ಯಾರೂ ಕೈಹಾಕದೆ ಬಿಟ್ಟ ವ್ಯವಸ್ಥೆಯೊಂದರ ಮಟ್ಟಿಗೆ ಪ್ರಕೃತಿ ಎರಡನೇ ಜಾತಿಯದು. ಎರಡು ಬೇರೆ ಬೇರೆ ಆರಂಭಗಳು ಒಂದೇ ಅಂತ್ಯಕ್ಕೆ ಬಂದು ಸೇರೋದಿಲ್ಲ. ಅಂತ್ಯದ ಸ್ಥಿತಿ ಪೂರ್ತಿ ಗೊತ್ತಿದ್ದರೆ ಲೆಕ್ಕವನ್ನು ಹಿಂದಕ್ಕೆ ಓಡಿಸಿ ಆರಂಭವನ್ನು ಹೇಳಬಹುದು. ಪುಸ್ತಕ ಸುಟ್ಟರೂ ಅಷ್ಟೇ. ಬೂದಿ, ಹೊಗೆ, ಬೆಳಕು, ಶಾಖ, ಪ್ರತಿಯೊಂದು ಕಣವನ್ನೂ ಹಿಡಿದಿಟ್ಟರೆ ತಾತ್ವಿಕವಾಗಿ ಪುಸ್ತಕ ವಾಪಸ್ ಬರೆಯಬಹುದು. "ತಾತ್ವಿಕವಾಗಿ" ಅನ್ನೋ ಪದವನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಕಂಪ್ಯೂಟರ್‌ನಲ್ಲಿ ಅಳಿಸೋದೂ ಇದಕ್ಕೆ ಹೊರತಲ್ಲ. 1961ರಲ್ಲಿ ಐಬಿಎಂನ ರಾಲ್ಫ್ ಲ್ಯಾಂಡಾವರ್ ತೋರಿಸಿದ್ದು ಇದನ್ನೇ: ಒಂದು ಬಿಟ್ ಅಳಿಸಿದರೆ ಕನಿಷ್ಠ ಇಷ್ಟು ಶಾಖ ಹೊರಗೆ ಹೋಗಲೇಬೇಕು. ಚಿಪ್‌ನಿಂದ ಬಿಟ್ ಅಳಿಸಿಹೋಗುತ್ತೆ, ಆದರೆ ಅದರ ಗುರುತು ಸುತ್ತಲಿನ ಗಾಳಿಯ ಅಣುಗಳ ಕುಣಿತದಲ್ಲಿ ಚದುರಿಹೋಗುತ್ತೆ. ನಾಶ ಅಲ್ಲ, ಚದುರುವಿಕೆ.

ಬ್ಲ್ಯಾಕ್ ಹೋಲ್‌ನ ಮೂರೇ ಮೂರು ಗುರುತು

ಈಗ ಬ್ಲ್ಯಾಕ್ ಹೋಲ್. ಕನ್ನಡದಲ್ಲಿ ಕಪ್ಪುಕುಳಿ ಅಂತಾರೆ, ಕಪ್ಪು ರಂಧ್ರ ಅಂತಾರೆ, ಯಾವುದಾದರೂ ಸರಿ. ಸೂರ್ಯನನ್ನು 3 ಕಿಲೋಮೀಟರ್ ತ್ರಿಜ್ಯದೊಳಗೆ ಹಿಂಡಿದರೆ ಬ್ಲ್ಯಾಕ್ ಹೋಲ್ ಆಗುತ್ತೆ. ಭೂಮಿಯನ್ನಾದರೆ 9 ಮಿಲಿಮೀಟರ್‌ಗೆ ಹಿಂಡಬೇಕು. ಅದರ ಸುತ್ತ ಒಂದು ಗಡಿ ಇದೆ, ಈವೆಂಟ್ ಹೊರೈಜನ್. ಒಳಗೆ ಹೋದದ್ದು ಹೊರಗೆ ಬರಬೇಕಾದರೆ ಬೆಳಕಿಗಿಂತ ವೇಗವಾಗಿ ಓಡಬೇಕು. ಅದು ಸಾಧ್ಯವಿಲ್ಲ.

ಐನ್‌ಸ್ಟೈನ್ ಸಿದ್ಧಾಂತದ ಪ್ರಕಾರ, ಅಲ್ಲಾಟವೆಲ್ಲ ನಿಂತ ಬ್ಲ್ಯಾಕ್ ಹೋಲ್‌ಗೆ ಹೊರಗಿನಿಂದ ಮೂರೇ ಗುರುತು: ದ್ರವ್ಯರಾಶಿ, ತಿರುಗುವ ಪ್ರಮಾಣ, ವಿದ್ಯುದಂಶ. ನಕ್ಷತ್ರದಿಂದ ಆಗಿದ್ದೋ, ಪುಸ್ತಕಗಳ ರಾಶಿಯಿಂದ ಆಗಿದ್ದೋ ತಿಳಿಯೋದಿಲ್ಲ. ಜಾನ್ ವೀಲರ್ ಇದನ್ನು "ಬ್ಲ್ಯಾಕ್ ಹೋಲ್‌ಗೆ ಕೂದಲಿಲ್ಲ" ಅಂತ ತಮಾಷೆಯಾಗಿ ಕರೆದರು.

ಇಲ್ಲಿ ನಮ್ಮವರೊಬ್ಬರನ್ನು ನೆನೆಯಬೇಕು. ಬೆಂಗಳೂರಿನಲ್ಲಿ ಶಾಲೆಗೆ ಹೋದವರು ಒಮ್ಮೆಯಾದರೂ ನೆಹರೂ ತಾರಾಲಯ ನೋಡಿರ್ತೀರಿ. ಅದರ ಸ್ಥಾಪಕ ನಿರ್ದೇಶಕರು ಸಿ. ವಿ. ವಿಶ್ವೇಶ್ವರ, ಬೆಂಗಳೂರಿನವರೇ. ಬ್ಲ್ಯಾಕ್ ಹೋಲ್‌ಗೆ ಒಂದು ಏಟು ಕೊಟ್ಟರೆ ಏನಾಗುತ್ತೆ ಅಂತ 1970ರಲ್ಲೇ ಲೆಕ್ಕ ಹಾಕಿದವರು ಅವರು. ದೇವಸ್ಥಾನದ ಗಂಟೆ ಬಾರಿಸಿದ ಹಾಗೆ ಅದು ಮಿಡಿಯುತ್ತೆ, ನಾದ ಬೇಗ ಸಣ್ಣಗಾಗಿ ನಿಂತುಹೋಗುತ್ತೆ. ಗಂಟೆಯ ನಾದ ಗಂಟೆಯನ್ನು ಹೇಳುತ್ತೆಯೇ ಹೊರತು ಬಾರಿಸಿದವರು ಯಾರು ಅನ್ನೋದನ್ನಲ್ಲ. 2015ರ ಸೆಪ್ಟೆಂಬರ್ 14ರಂದು ಲೈಗೋ ಉಪಕರಣಗಳು ಹಿಡಿದ ಮೊದಲ ಗುರುತ್ವ ತರಂಗದ ಕೊನೆಯ ತುಣುಕಿನಲ್ಲಿದ್ದದ್ದು ಈ ಬಗೆಯ ನಾದವೇ. ವಿಶ್ವೇಶ್ವರ ಅವರು ತೀರಿಕೊಂಡಿದ್ದು 2017ರ ಜನವರಿಯಲ್ಲಿ. ತಮ್ಮ ಲೆಕ್ಕ ನಿಜವಾಗಿದ್ದನ್ನು ಕಣ್ಣಾರೆ ನೋಡಿದರು.

ಇಷ್ಟಕ್ಕೇ ಮಾಹಿತಿ ನಾಶವಾಯ್ತಾ? ಇಲ್ಲ. ಪುಸ್ತಕ ಒಳಗಿದೆ, ನಮಗೆ ಕಾಣ್ತಿಲ್ಲ, ಅಷ್ಟೇ ಅನ್ನಬಹುದು. ಬ್ಯಾಂಕ್ ಲಾಕರ್‌ನಲ್ಲಿಟ್ಟ ಒಡವೆ ಹಾಗೆ. ಆದರೆ ಲಾಕರೇ ಕರಗಿಹೋದರೆ?

ಲಾಕರ್ ಕರಗುತ್ತೆ

ವೀಲರ್ ತಮ್ಮ ವಿದ್ಯಾರ್ಥಿ ಜೇಕಬ್ ಬೆಕೆನ್‌ಸ್ಟೈನ್ ಹತ್ತಿರ ಒಂದು ಕೀಟಲೆ ಪ್ರಶ್ನೆ ಎತ್ತಿದ್ದರು: ಒಂದು ಕಪ್ ಚಹಾವನ್ನು ಬ್ಲ್ಯಾಕ್ ಹೋಲ್‌ಗೆ ಸುರಿದರೆ ಅದರ ಎಂಟ್ರೊಪಿ ಜಗತ್ತಿನಿಂದಲೇ ಮಾಯವಾಗುತ್ತಲ್ಲ, ಎಂಟ್ರೊಪಿ ಕಡಿಮೆಯಾಗಬಾರದು ಅನ್ನೋ ನಿಯಮದ ಕಥೆ ಏನು? ಬೆಕೆನ್‌ಸ್ಟೈನ್ 1972ರ ಹೊತ್ತಿಗೆ ಉತ್ತರ ತಂದರು. ಬ್ಲ್ಯಾಕ್ ಹೋಲ್‌ಗೇ ಎಂಟ್ರೊಪಿ ಇದೆ, ಅದು ಗಡಿಯ ಮೇಲ್ಮೈ ವಿಸ್ತೀರ್ಣಕ್ಕೆ ತಕ್ಕಷ್ಟು. ಸೂರ್ಯನಷ್ಟು ತೂಕದ ಬ್ಲ್ಯಾಕ್ ಹೋಲ್‌ಗೆ ಇದನ್ನು ಬಿಟ್‌ಗಳಲ್ಲಿ ಹೇಳಿದರೆ 1ರ ಮುಂದೆ 77 ಸೊನ್ನೆ, ಸುಮಾರಾಗಿ. ಇದನ್ನು ಆ ಲಾಕರ್‌ನ ಸ್ಟೋರೇಜ್ ಸಾಮರ್ಥ್ಯ ಅಂತ ಇಟ್ಟುಕೊಳ್ಳಿ.

ಸ್ಟೀಫನ್ ಹಾಕಿಂಗ್ ಮೊದಲು ಇದನ್ನು ಒಪ್ಪಲಿಲ್ಲ. ಎಂಟ್ರೊಪಿ ಇದ್ದರೆ ತಾಪಮಾನ ಇರಬೇಕು, ತಾಪಮಾನ ಇದ್ದರೆ ಹೊಳೆಯಬೇಕು, ಬ್ಲ್ಯಾಕ್ ಹೋಲ್ ಹೇಗೆ ಹೊಳೆಯುತ್ತೆ ಅಂತ ಅವರ ತಕರಾರು. ತಾವೇ ಲೆಕ್ಕಕ್ಕೆ ಕೂತರು. 1974ರಲ್ಲಿ ಬಂದ ಉತ್ತರ: ಹೌದು, ಹೊಳೆಯುತ್ತೆ. ಸೂರ್ಯನಷ್ಟು ತೂಕದ್ದರ ತಾಪಮಾನ, ಒಂದು ಕೆಲ್ವಿನ್ ಅನ್ನು ಕೋಟಿ ಭಾಗ ಮಾಡಿದರೆ ಅದರ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ಸೊನ್ನೆ ಅಲ್ಲ. ಹೊಳೆಯುತ್ತಾ ಶಕ್ತಿ ಕಳ್ಕೊಂಡು ಸಣ್ಣಗಾಗಿ ಕೊನೆಗೆ ಇಲ್ಲವಾಗೋಕೆ ಬೇಕಾದ ಕಾಲ 1ರ ಮುಂದೆ 67 ಸೊನ್ನೆಯಷ್ಟು ವರ್ಷ. ವಿಶ್ವದ ಈಗಿನ ವಯಸ್ಸು ಸುಮಾರು 1,380 ಕೋಟಿ ವರ್ಷ ಅಷ್ಟೇ. ಅದೂ ಅಲ್ಲದೆ, ಈಗ ಆಕಾಶದ ತುಂಬಾ ಇರುವ ಹಳೆಯ ವಿಕಿರಣದ ತಾಪಮಾನ 2.7 ಕೆಲ್ವಿನ್. ಅಂದ್ರೆ ಇವತ್ತು ಇಂಥ ಬ್ಲ್ಯಾಕ್ ಹೋಲ್ ಬಿಡೋದಕ್ಕಿಂತ ನುಂಗೋದೇ ಹೆಚ್ಚು.

ಹಾಗಾಗಿ ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ: ಯಾವ ನಿಜವಾದ ಬ್ಲ್ಯಾಕ್ ಹೋಲ್‌ನಿಂದಲೂ ಈ ಹೊಳಪನ್ನು ಯಾರೂ ಹಿಡಿದಿಲ್ಲ. ಮುಂದಿನದೆಲ್ಲ ಕಾಗದದ ಮೇಲಿನ ಜಗಳ. ಆದರೆ ಸಣ್ಣ ಜಗಳ ಅಲ್ಲ. ಐನ್‌ಸ್ಟೈನ್ ಗುರುತ್ವ ಮತ್ತು ಕ್ವಾಂಟಮ್ ಸಿದ್ಧಾಂತ, ಎರಡೂ ಸರಿ ಇರಲೇಬೇಕಾದ ಜಾಗದಲ್ಲಿ ಒಂದು ಇನ್ನೊಂದನ್ನು ಸುಳ್ಳು ಅಂತಿದೆ.

ಕೆಂಡಕ್ಕೂ ಬ್ಲ್ಯಾಕ್ ಹೋಲ್‌ಗೂ ವ್ಯತ್ಯಾಸ

ಕೆಂಡವೂ ಹೊಳೆಯುತ್ತಲ್ಲ, ಅಲ್ಲಿ ಯಾಕೆ ಸಮಸ್ಯೆ ಇಲ್ಲ? ಕೆಂಡದಿಂದ ಬರುವ ಬೆಳಕು ಸುಟ್ಟ ವಸ್ತುವಿನಿಂದಲೇ ಬರುತ್ತೆ. ಮೊದಲು ಹೊರಟ ಕಣಕ್ಕೂ ಒಳಗೆ ಉಳಿದ ಕಣಕ್ಕೂ ನಂಟಿದೆ, ಆ ಉಳಿದದ್ದೂ ಆಮೇಲೆ ಬೆಳಕಾಗಿ ಹೊರಬರುತ್ತೆ. ಒಂದೊಂದನ್ನೇ ನೋಡಿದರೆ ಬರೀ ಶಾಖ. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಅವುಗಳ ನಡುವಿನ ಸೂಕ್ಷ್ಮ ನಂಟುಗಳಲ್ಲಿ ಪುಸ್ತಕ ಇದೆ.

ಬ್ಲ್ಯಾಕ್ ಹೋಲ್‌ನಲ್ಲಿ ಹಾಗಲ್ಲ. ಹೊಳಪು ಹುಟ್ಟೋದು ಗಡಿಯ ಅಕ್ಕಪಕ್ಕದ ಖಾಲಿ ಜಾಗದಲ್ಲಿ. ಕ್ವಾಂಟಮ್ ಪ್ರಕಾರ ಖಾಲಿ ಜಾಗ ಪೂರ್ತಿ ಖಾಲಿ ಅಲ್ಲ. ಗಡಿಯ ಈ ಬದಿಗೂ ಆ ಬದಿಗೂ ನಂಟು ಇದೆ. ಸರಳವಾಗಿ, ಜೋಡಿ ಕಣಗಳು ಅಂತ ಇಟ್ಟುಕೊಳ್ಳಿ. ಒಂದು ಹೊರಗೆ ಹಾರುತ್ತೆ, ಜೊತೆಗಾರ ಒಳಗೆ ಬೀಳುತ್ತೆ. ಪುಸ್ತಕ ಯಾವಾಗಲೋ ಒಳಗೆ ಆಳಕ್ಕೆ ಹೋಗಿದೆ. ಈ ಜೋಡಿಗೆ ಅದರ ಸುದ್ದಿಯೇ ಗೊತ್ತಿಲ್ಲ. ಸುದ್ದಿ ಒಳಗಿನಿಂದ ಗಡಿಗೆ ಬರಬೇಕಾದರೆ ಬೆಳಕನ್ನು ಮೀರಿಸಬೇಕು. ಬೀಳುವಾಗಲೇ ಗಡಿಯಲ್ಲಿ ಒಂದು ಕಾಪಿ ಬಿಟ್ಟು ಹೋಗಲಿ ಅಂದ್ರೆ, ಕ್ವಾಂಟಮ್ ಸ್ಥಿತಿಯನ್ನು ಕಾಪಿ ಮಾಡೋಕಾಗಲ್ಲ ಅನ್ನೋ ನಿಯಮ ಇದೆ. ಕಂಟ್ರೋಲ್ ಸಿ, ಕಂಟ್ರೋಲ್ ವಿ ಅಲ್ಲಿ ನಡೆಯೋದಿಲ್ಲ.

ಇದನ್ನು ಊರಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ ನೋಡಿ. ಹೊರಗೆ ಹಾರಿದ ಪ್ರತಿ ಕಣದ ಹೆಸರಲ್ಲಿ ಒಳಗೊಂದು ಬಾಕಿ. ಬಾಕಿ ಬೆಳೀತಾನೇ ಹೋಗುತ್ತೆ. ಕೊನೆಗೆ ಅಂಗಡಿಯೇ ಮುಚ್ಚಿ ಉದ್ರಿ ಪುಸ್ತಕವೂ ಇಲ್ಲವಾದರೆ? ಹೊರಗಿನ ಕಣಗಳ ಜೊತೆಗಾರರೇ ಇಲ್ಲ. ಉಳಿದದ್ದು ನಿಜವಾದ ಕಸ. ಎರಡು ಬೇರೆ ಪುಸ್ತಕಗಳಿಗೂ ಒಂದೇ ಕಸ. ಅಂದ್ರೆ ಹ್ಯಾಶ್. 1976ರಲ್ಲಿ ಹಾಕಿಂಗ್ ಈ ತೀರ್ಮಾನವನ್ನು ಅಂಜದೆ ಬರೆದರು: ಮಾಹಿತಿ ನಾಶವಾಗುತ್ತೆ, ಕ್ವಾಂಟಮ್ ನಿಯಮವನ್ನೇ ತಿದ್ದಬೇಕು.

ಪೇಜ್ ಹಾಕಿದ ಲೆಕ್ಕ

"ಕೊನೇ ಗಳಿಗೆಯಲ್ಲಿ, ತೀರಾ ಸಣ್ಣದಾದಾಗ, ನಮಗೆ ಗೊತ್ತಿಲ್ಲದ ಏನೋ ಆಗಿ ಎಲ್ಲಾ ಸರಿಹೋಗಬಹುದಲ್ಲ?" ಈ ಪ್ರಶ್ನೆ ನಿಮಗೂ ಬಂದಿರುತ್ತೆ, ನನಗೂ ಮೊದಲು ಬಂದಿದ್ದು ಇದೇ. ಅದಕ್ಕೆ 1993ರಲ್ಲಿ ಡಾನ್ ಪೇಜ್ ಉತ್ತರ ಕೊಟ್ಟರು.

ಒಳಗಿನ ಬಾಕಿ ಬರೆಯೋಕೆ ಪುಸ್ತಕದಲ್ಲಿ ಹಾಳೆ ಬೇಕಲ್ಲ? ಹಾಳೆಗಳ ಸಂಖ್ಯೆ ಅಂದ್ರೆ ಬೆಕೆನ್‌ಸ್ಟೈನ್ ಹೇಳಿದ ಮೇಲ್ಮೈ. ಬ್ಲ್ಯಾಕ್ ಹೋಲ್ ಕರಗ್ತಾ ಹಾಳೆಗಳು ಕಡಿಮೆಯಾಗ್ತವೆ, ಬಾಕಿ ಮಾತ್ರ ಏರ್ತಾ ಇದೆ. ಮೇಲ್ಮೈ ಸುಮಾರು ಅರ್ಧಕ್ಕೆ ಇಳಿದಾಗ ಎರಡೂ ಸಮ. ಅಲ್ಲಿಂದ ಮುಂದೆ ಬಾಕಿ ಬರೆಯೋಕೆ ಜಾಗವೇ ಇಲ್ಲ. ಮಾಹಿತಿ ಉಳಿಯಬೇಕಾದರೆ ಬಾಕಿಯ ಗೆರೆ ಅಲ್ಲಿಂದ ಕೆಳಗೆ ಬಾಗಿ ಕೊನೆಗೆ ಸೊನ್ನೆಗೆ ಬರಬೇಕು. ಈ ಗೆರೆಗೆ ಪೇಜ್ ಕರ್ವ್ ಅಂತ ಹೆಸರು. ಹಾಕಿಂಗ್ ಗೆರೆ ಬಾಗೋದಿಲ್ಲ, ಏರ್ತಾನೇ ಹೋಗುತ್ತೆ.

ಮುಖ್ಯ ವಿಷಯ ಏನಂದ್ರೆ, ಮೇಲ್ಮೈ ಅರ್ಧವಾದಾಗ ದ್ರವ್ಯರಾಶಿ ಇನ್ನೂ ಶೇಕಡ 70ರಷ್ಟು ಇರುತ್ತೆ. ಅಂದ್ರೆ ಬ್ಲ್ಯಾಕ್ ಹೋಲ್ ಇನ್ನೂ ದೊಡ್ಡದೇ, ಹಾಕಿಂಗ್ ಲೆಕ್ಕ ತಪ್ಪೋಕೆ ಅಲ್ಲಿ ಯಾವ ಕಾರಣವೂ ಕಾಣೋದಿಲ್ಲ. ಹಾಗಾಗಿ "ಕೊನೇ ಗಳಿಗೆ" ಅನ್ನೋ ನೆಪ ಸಾಲದು. ಪ್ರೊಡಕ್ಷನ್‌ನಲ್ಲಿ ಎಲ್ಲಾ ಟೆಸ್ಟ್ ಪಾಸ್, ಒಟ್ಟು ಲೆಕ್ಕ ಮಾತ್ರ ಟ್ಯಾಲಿ ಆಗ್ತಿಲ್ಲ ಅನ್ನೋ ಬಗ್ ಇದೆಯಲ್ಲ, ಹಾಗೆ.

ಒಂದು ಪಂದ್ಯ

1997ರ ಫೆಬ್ರವರಿಯಲ್ಲಿ ಪಂದ್ಯ ಕಟ್ಟಿದರು. ಮಾಹಿತಿ ನಾಶ ಅಂತ ಹಾಕಿಂಗ್ ಮತ್ತು ಕಿಪ್ ಥಾರ್ನ್, ಉಳಿಯುತ್ತೆ ಅಂತ ಜಾನ್ ಪ್ರೆಸ್ಕಿಲ್. ಸೋತವರು ಗೆದ್ದವರಿಗೆ ಅವರು ಕೇಳಿದ ವಿಶ್ವಕೋಶ ಕೊಡಬೇಕು. ಬೇಕಾದಾಗ ಮಾಹಿತಿ ವಾಪಸ್ ತೆಗೆಯಬಹುದಾದ ವಸ್ತು ಅದು!

ಅದೇ ವರ್ಷ ಹುವಾನ್ ಮಾಲ್ದಸೇನಾ ಬೇರೆಯದೇ ದಾರಿ ತೋರಿಸಿದರು. ಒಂದು ವಿಶೇಷ ಬಗೆಯ, ಗೋಡೆ ಇರುವ ಡಬ್ಬಿಯಂಥ ವಿಶ್ವವನ್ನು ತಗೊಳ್ಳಿ. ಅದರೊಳಗಿನ ಗುರುತ್ವ, ಬ್ಲ್ಯಾಕ್ ಹೋಲ್ ಎಲ್ಲವನ್ನೂ ಗೋಡೆಯ ಮೇಲಿನ ಗುರುತ್ವವೇ ಇಲ್ಲದ ಮಾಮೂಲಿ ಕ್ವಾಂಟಮ್ ಸಿದ್ಧಾಂತವಾಗಿ ಬರೆಯಬಹುದು ಅಂತ ಅವರ ವಾದ. ಗೋಡೆಯ ಮೇಲೆ ಮಾಹಿತಿ ನಾಶ ಆಗೋದಿಲ್ಲ ಅಂತ ಖಚಿತ. ಹಾಗಾದರೆ ಡಬ್ಬಿಯೊಳಗೂ ಆಗಕೂಡದು. ನಮ್ಮ ವಿಶ್ವ ಆ ಡಬ್ಬಿ ಅಲ್ಲ, ನಿಜ. ಆದರೂ ಬಹಳ ಜನ ಭೌತವಿಜ್ಞಾನಿಗಳು "ಉಳಿಯುತ್ತೆ" ಕಡೆಗೆ ವಾಲಿದ್ದು ಇಲ್ಲಿಂದಲೇ.

2004ರ ಜುಲೈನಲ್ಲಿ ಡಬ್ಲಿನ್ ಸಮ್ಮೇಳನದಲ್ಲಿ ಹಾಕಿಂಗ್ ಸೋಲೊಪ್ಪಿ ಪ್ರೆಸ್ಕಿಲ್‌ಗೆ ಬೇಸ್‌ಬಾಲ್ ವಿಶ್ವಕೋಶ ಕೊಟ್ಟರು. ಥಾರ್ನ್ ಒಪ್ಪಲಿಲ್ಲ. ಅವರ ಹಟದಲ್ಲೂ ನ್ಯಾಯ ಇತ್ತು. ಉಳಿಯುತ್ತೆ ಅನ್ನೋದು ಒಂದು, ಹಾಕಿಂಗ್‌ರ 1974ರ ಲೆಕ್ಕದಲ್ಲಿ ಯಾವ ಸಾಲು ತಪ್ಪು ಅನ್ನೋದು ಇನ್ನೊಂದು. ಎರಡನೆಯದನ್ನು ಯಾರೂ ತೋರಿಸಿರಲಿಲ್ಲ.

2012ರಲ್ಲಿ ಅಲ್ಮೆಹೈರಿ, ಮಾರೋಲ್ಫ್, ಪೋಲ್ಚಿನ್‌ಸ್ಕಿ, ಸಲ್ಲಿ ಸೇರಿ ಈ ನೋವನ್ನು ಇನ್ನೂ ಚುರುಕು ಮಾಡಿದರು. ಪೇಜ್ ಹೇಳಿದ ಮಧ್ಯಬಿಂದು ದಾಟಿದ ಮೇಲೆ ಹೊರಬರುವ ಕಣಕ್ಕೆ ಹಳೆಯ ಹೊಳಪಿನ ಜೊತೆ ಪೂರ್ತಿ ನಂಟು ಬೇಕು, ಇಲ್ಲಾಂದ್ರೆ ಮಾಹಿತಿ ವಾಪಸ್ ಬರಲ್ಲ. ಗಡಿಯೊಳಗಿನ ಜೊತೆಗಾರನ ಜೊತೆಗೂ ಪೂರ್ತಿ ನಂಟು ಬೇಕು, ಇಲ್ಲಾಂದ್ರೆ ಗಡಿಯಲ್ಲಿ ಬೆಂಕಿಯ ಗೋಡೆ ಏಳುತ್ತೆ. ಕ್ವಾಂಟಮ್‌ನಲ್ಲಿ ಪೂರ್ತಿ ನಂಟು ಒಬ್ಬರ ಜೊತೆ ಮಾತ್ರ. ಇಬ್ಬರಿಗೆ ಮಾತು ಕೊಡೋ ಹಾಗಿಲ್ಲ.

2019ರಲ್ಲಿ ಬಾಗಿದ ಗೆರೆ

2019ರಲ್ಲಿ ಜೆಫ್ ಪೆನಿಂಗ್ಟನ್ ಒಬ್ಬರೇ ಒಂದು ಕಡೆ, ಅಲ್ಮೆಹೈರಿ, ಎಂಗಲ್‌ಹಾರ್ಟ್, ಮಾರೋಲ್ಫ್, ಮ್ಯಾಕ್ಸ್‌ಫೀಲ್ಡ್ ಇನ್ನೊಂದು ಕಡೆ, ಗುರುತ್ವದ ನಿಯಮಗಳಿಂದಲೇ ಆ ಗೆರೆಯನ್ನು ಬಾಗಿಸಿ ತೋರಿಸಿದರು. ಉದ್ರಿ ಲೆಕ್ಕದಲ್ಲೇ ಹೇಳ್ತೀನಿ. ಮಧ್ಯಬಿಂದು ದಾಟಿದ ಮೇಲೆ ಬ್ಲ್ಯಾಕ್ ಹೋಲ್ ಒಳಗಿನ ಒಂದು ಭಾಗವನ್ನು ಹೊರಗಿನ ಹೊಳಪಿನ ಖಾತೆಗೇ ಸೇರಿಸಬೇಕು ಅಂತ ಸೂತ್ರ ಹೇಳುತ್ತೆ. ಆ ಭಾಗಕ್ಕೆ "ದ್ವೀಪ" ಅಂತ ಹೆಸರು. ಸಾಲ ಕೊಟ್ಟವನೂ ತಗೊಂಡವನೂ ಒಂದೇ ಮನೆಯವರು ಅಂತಾದರೆ ಬಾಕಿ ವಜಾ ಆಗುತ್ತಲ್ಲ, ಹಾಗೆ. ಒಳಗಿನ ಜೊತೆಗಾರ ಹೊರಗಿನ ಹಳೆಯ ಹೊಳಪಿಗಿಂತ ಬೇರೆಯವನೇ ಅಲ್ಲ. ಇಬ್ಬರಿಗೆ ಮಾತು ಕೊಟ್ಟ ಸಮಸ್ಯೆಯೂ ಹೀಗೆ ಸಡಿಲವಾಗುತ್ತೆ.

ಇಲ್ಲಿಗೆ ಎಲ್ಲಾ ಮುಗೀತು ಅಂತ ಶೀರ್ಷಿಕೆಗಳು ಬಂದವು. ಪೂರ್ತಿ ಮುಗಿದಿಲ್ಲ. ಆ ಲೆಕ್ಕಗಳು ಸರಳ ಮಾದರಿಗಳಲ್ಲಿ ಮಾಡಿದವು. ಗೆರೆ ಎಷ್ಟು ಬಾಗುತ್ತೆ ಅಂತ ಹೇಳ್ತವೆ, ಪುಸ್ತಕದ ಯಾವ ಅಕ್ಷರ ಯಾವ ಕಣದಲ್ಲಿ ಬಂತು ಅಂತ ಹೇಳೋದಿಲ್ಲ. ಇನ್ನೊಂದು ಗಟ್ಟಿ ತಕರಾರು ಬೆಂಗಳೂರಿನ ಐಸಿಟಿಎಸ್‌ನ ಸುವ್ರತ್ ರಾಜು ಮತ್ತು ಅವರ ಜೊತೆ ಕೆಲಸ ಮಾಡಿದವರದು: ಆ ಮಾದರಿಗಳಲ್ಲಿ ಹೊಳಪನ್ನು ಸಂಗ್ರಹಿಸೋ ಹೊರಗಿನ ಜಾಗದಲ್ಲಿ ಗುರುತ್ವವನ್ನೇ ಆಫ್ ಮಾಡಿಟ್ಟಿದ್ದಾರೆ, ನಮ್ಮ ವಿಶ್ವದಲ್ಲಿ ಅಂಥ ಸ್ವಿಚ್ ಇಲ್ಲ.

ಇವರು ಮುಂದಿಡುವ ಚಿತ್ರವೇ ಬೇರೆ. ಗುರುತ್ವ ಇಲ್ಲದಿದ್ದರೆ ಒಂದು ಡಬ್ಬಿಯೊಳಗೆ ಏನನ್ನಾದರೂ ಬಚ್ಚಿಡಬಹುದು. ಗುರುತ್ವ ಇದ್ದರೆ ಒಳಗಿನ ಶಕ್ತಿಗೆಲ್ಲ ತೂಕ ಇದೆ, ತೂಕ ದೂರದಿಂದಲೂ ಗೊತ್ತಾಗುತ್ತೆ. ಕ್ವಾಂಟಮ್ ಗುರುತ್ವದಲ್ಲಿ ಇದು ಎಷ್ಟು ಬಿಗಿ ಅಂದ್ರೆ, ಹೊರಗೆ ದೂರದಲ್ಲಿ ಅತಿ ಸೂಕ್ಷ್ಮವಾಗಿ ಅಳೆದರೆ ಒಳಗಿನದೆಲ್ಲ ತಿಳಿಯುತ್ತೆ ಅಂತ ಇವರ ವಾದ. ಅಂದ್ರೆ ಮಾಹಿತಿ ಹೊರಗಿನಿಂದ ಹೋಗಿಯೇ ಇರಲಿಲ್ಲ. ಒಳಗೆ ಬೇರೆ ಖಾತೆ, ಹೊರಗೆ ಬೇರೆ ಖಾತೆ ಅಂತ ಹಾಕಿಂಗ್ ಅಂದುಕೊಂಡಿದ್ದೇ ತಪ್ಪಾದ ಸಾಲು. 2020ರಲ್ಲಿ ಈ ವಾದ ಮಂಡಿಸಿದ ತಂಡದಲ್ಲಿ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಅಲೋಕ್ ಲಡ್ಢಾ ಕೂಡ ಇದ್ದರು. ಆ ಸಂಸ್ಥೆ ಇರೋದು ಸಿರುಸೇರಿ ಐಟಿ ಪಾರ್ಕ್‌ನಲ್ಲಿ. ಚೆನ್ನೈನಲ್ಲಿರೋ ನಮ್ಮ ಸ್ನೇಹಿತರು ಕೆಲವರು ದಿನಾ ಅದರ ಪಕ್ಕದಲ್ಲೇ ಕಾರ್ಡ್ ಸ್ವೈಪ್ ಮಾಡಿ ಒಳಗೆ ಹೋಗ್ತೀರಿ.

ಹಾಗಾದರೆ ಅಜ್ಜಿಯ ಹಾಡು?

ಇವತ್ತಿಗೆ ನನ್ನ ತೀರ್ಮಾನ: ಮಾಹಿತಿ ಉಳಿಯುತ್ತೆ ಅನ್ನೋ ಕಡೆಗೇ ಸಾಕ್ಷ್ಯ ಹೆಚ್ಚು. ಬ್ಲ್ಯಾಕ್ ಹೋಲ್ ಹ್ಯಾಶ್ ಅಲ್ಲ, ಎನ್‌ಕ್ರಿಪ್ಷನ್. 2007ರಲ್ಲಿ ಪ್ಯಾಟ್ರಿಕ್ ಹೇಡನ್ ಮತ್ತು ಪ್ರೆಸ್ಕಿಲ್ ಇದರ ಕೀ ಯಾವುದು ಅಂತಲೂ ಹೇಳಿದರು: ಅಲ್ಲಿಯ ತನಕ ಹೊರಬಂದ ಹಳೆಯ ಹೊಳಪೇ ಕೀ. ಅದೆಲ್ಲ ನಿಮ್ಮ ಕೈಲಿದ್ದರೆ, ಮಧ್ಯಬಿಂದು ದಾಟಿದ ಬ್ಲ್ಯಾಕ್ ಹೋಲ್‌ಗೆ ಇವತ್ತು ಎಸೆದ ಡೈರಿ ಬಹಳ ಬೇಗ ಹೊರಗೆ ಬರುತ್ತೆ, ಇನ್ನು ಸ್ವಲ್ಪವೇ ಕಣ ಹಿಡಿದರೆ ಸಾಕು.

ಆದರೆ ಬಿಡಿಸೋಕೆ? 2013ರಲ್ಲಿ ಡೇನಿಯಲ್ ಹಾರ್ಲೋ ಮತ್ತು ಹೇಡನ್ ಕಂಪ್ಯೂಟರ್ ಸೈನ್ಸ್ ದಾರಿಯಲ್ಲಿ ಈ ಪ್ರಶ್ನೆ ಕೇಳಿದರು. ಅವರ ವಾದದ ಪ್ರಕಾರ, ಆ ಹೊಳಪನ್ನು ಡಿಕೋಡ್ ಮಾಡೋಕೆ ಕ್ವಾಂಟಮ್ ಕಂಪ್ಯೂಟರ್‌ಗೂ ಹಿಡಿಯೋ ಕಾಲ ಎಂಟ್ರೊಪಿಯ ಜೊತೆ ಎಕ್ಸ್‌ಪೊನೆನ್ಷಿಯಲ್ ಆಗಿ ಬೆಳೆಯುತ್ತೆ. ಡಿಕೋಡ್ ಮುಗಿಯೋಕೆ ಎಷ್ಟೋ ಮುಂಚೆ ಬ್ಲ್ಯಾಕ್ ಹೋಲೇ ಕರಗಿ ಹೋಗಿರುತ್ತೆ. ಆ "ತಾತ್ವಿಕವಾಗಿ" ಅನ್ನೋ ಪದದ ತೂಕ ಇಷ್ಟು.

ಇದನ್ನು ಹಿಡ್ಕೊಂಡು "ಹಾಗಾದರೆ ಏನೂ ಸಾಯಲ್ಲ, ಎಲ್ಲಾ ಎಲ್ಲೋ ಇದೆ" ಅಂತ ಫಾರ್ವರ್ಡ್ ಮೆಸೇಜ್ ಬರೆಯೋರು ಇದಾರೆ. ಭೌತಶಾಸ್ತ್ರ ಆ ಮಾತು ಹೇಳ್ತಿಲ್ಲ. ಎರಡು ಬೇರೆ ಭೂತಕಾಲಗಳು ಒಂದೇ ವರ್ತಮಾನಕ್ಕೆ ಬರೋದಿಲ್ಲ, ಇಷ್ಟೇ ಅದು ಹೇಳೋದು. ಅಜ್ಜಿ ಆ ಪದ ಹಾಡಿದ ಜಗತ್ತಿಗೂ ಹಾಡದೇ ಇದ್ದ ಜಗತ್ತಿಗೂ ಇವತ್ತು ವ್ಯತ್ಯಾಸ ಇದೆ, ಮುಂದೆಯೂ ಇರುತ್ತೆ. ಆ ವ್ಯತ್ಯಾಸವನ್ನು ಯಾರೂ ಓದಲಾರರು. ಎರಡೂ ನಿಜ.

ಗೆಳೆಯನಿಗೆ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಅಜ್ಜಿಗೆ ಈಗ ಎಂಬತ್ತಾರು, ಗಂಟಲು ಇನ್ನೂ ಚೆನ್ನಾಗಿದೆ" ಅಂದ. ಮುಂದಿನ ಶುಕ್ರವಾರ ರಾತ್ರಿ ಬಸ್ಸಿಗೆ ಊರಿಗೆ ಹೊರಟಿದ್ದಾನೆ, ರೆಕಾರ್ಡರ್ ಜೊತೆ ಎರಡು ಹಾರ್ಡ್‌ಡಿಸ್ಕ್ ತಗೊಂಡು.

ಮುಂದಿನ ವಾರ ವಿಶ್ವೇಶ್ವರ ಅವರ 1970ರ ಆ ಲೆಕ್ಕವನ್ನೇ ನಿಧಾನವಾಗಿ ಬಿಡಿಸಿ ನೋಡೋಣ. ಅಲ್ಲಿಯ ತನಕ, ನಮಸ್ಕಾರ.